ಎರಡು ಸಲ ನಾಟಿಯಾದ ಗದ್ದೆ

ನನಗೆ ಮರಾಠಿ ಬರುತ್ತದೆ ಎಂದು ನಾನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ವಡಾಲದ ಮಾರುಕಟ್ಟೆಯಲ್ಲಿ ಬದನೆಕಾಯಿಯ ಬೆಲೆ ಕೇಳುವಷ್ಟು ಬರುತ್ತಿತ್ತು. ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯಾಕೆಯನ್ನು ನಲ್ಲಿಯಲ್ಲಿ ನೀರು ಬಂತೇ ಎಂದು ವಿಚಾರಿಸುವಷ್ಟೂ ಬರುತ್ತಿತ್ತು. ಮೈಸೂರಿನಿಂದ ಬೊಂಬಾಯಿಗೆ ಬಂದಾಗ ನನಗೆ ಹದಿನಾಲ್ಕು ವರ್ಷ. ಶಾಲೆ, ಕಾಲೇಜು ಎರಡೂ ಇಂಗ್ಲಿಷಿನಲ್ಲಿ ನಡೆದವು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಎಲ್ಲರೂ ಆಡುವ ಮುರುಕು ಹಿಂದಿ. ಇಷ್ಟರಲ್ಲೇ ಬದುಕು ಸಾಗುತ್ತಿದ್ದಾಗ ಮರಾಠಿ ಬರುವುದಿಲ್ಲವೆಂಬುದು ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಆ ವರ್ಷ ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಹಾಕಿದ ಅರ್ಜಿಗಳಿಗೆ ಉತ್ತರ ಬಂದಿರಲಿಲ್ಲ. ಬೆಂಗಳೂರಿನ ಕಡೆಯವರೊಬ್ಬರು ಹೆಣ್ಣು ನೋಡಲು ಜುಲೈ ತಿಂಗಳಲ್ಲಿ ಬರುತ್ತಾರೆ ಅಂತ ಮಾತ್ರ ಖಚಿತವಾಗಿ ಗೊತ್ತಿತ್ತು. ಹಾಗಿರುವಾಗ ಒಂದು ಸಂಜೆ ಅಪ್ಪ ಕೋಟೆ ಬಡಾವಣೆಯ ಆಫೀಸಿನಿಂದ ಬಂದು, ಕಾಫಿ ಕುಡಿಯುತ್ತಾ, ಒಂದು ವಿಚಿತ್ರ ಸುದ್ದಿ ಹೇಳಿದರು. ಪರದೇಶದ ನಾಲ್ಕು ಜನ ಬಂದಿದ್ದಾರಂತೆ. ಸಂಬಳವಿಲ್ಲದೆ, ತಾವಾಗಿಯೇ, ಬೊರಿವಲಿಯ ಆಚೆಗಿನ ಒಂದು ಹಳ್ಳಿಯಲ್ಲಿ ರೈತರ ಜೊತೆ ಮೈಮುರಿದು ದುಡಿಯುತ್ತಾರಂತೆ. ಅವರಲ್ಲೊಬ್ಬಳು ಹುಡುಗಿ. ಹಳ್ಳಿಯ ಹೆಂಗಸರ ಮಾತನ್ನು ಅವಳಿಗೆ ಇಂಗ್ಲಿಷಿನಲ್ಲಿ ತಿಳಿಸಲು ಒಬ್ಬ ಹೆಣ್ಣುಮಗಳು ಬೇಕಂತೆ. ಅಪ್ಪನ ಆಫೀಸಿನ ಹಿರಿಯರೊಬ್ಬರಿಗೆ ಅವರ ಪರಿಚಯವಿತ್ತು.

"ನಿನಗೆ ಮರಾಠಿ ಬರತ್ತೇನಮ್ಮ?" ಅಂದರು ಅಪ್ಪ.

"ಬರತ್ತೆ," ಅಂದೆ.

ಅಡುಗೆಮನೆಯಿಂದ ಅಮ್ಮ, "ಇವಳಿಗೆ ಮರಾಠಿ ಯಾವಾಗ ಬಂತು?" ಅಂದಳು. "ಅವರು ಅಷ್ಟು ದೂರದಿಂದ ಯಾಕೆ ಬಂದರು? ಅವರೂರಲ್ಲಿ ಗದ್ದೆ ಇಲ್ವಾ?" ಎಂದು ಮತ್ತೆ ಕೇಳಿದಳು. ಅಪ್ಪ "ಸೇವೆ," ಅಂದು ಪೇಪರ್ ಬಿಡಿಸಿಕೊಂಡರು. ನಾನು ಹೋಗುವುದೆಂದು ತೀರ್ಮಾನವಾಯಿತು. ಬೆಳಿಗ್ಗೆ ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು, ಅಷ್ಟೇ ಷರತ್ತು.

ಟ್ರಾಮಿನಲ್ಲಿ ದಾದರಿಗೆ, ಅಲ್ಲಿಂದ ಬೊರಿವಲಿಯ ಲೋಕಲ್. ಬೊರಿವಲಿ ಬರುವ ಹೊತ್ತಿಗೆ ಹೆಂಗಸರ ಡಬ್ಬದಲ್ಲಿ ನನ್ನ ಜೊತೆ ಖಾಲಿ ಬುಟ್ಟಿಯ ನಾಲ್ಕೈದು ಜನ ಉಳಿದಿದ್ದರೆ ಹೆಚ್ಚು. ಆಗ ಅಲ್ಲಿ ಸ್ಟೇಷನ್ನಿನಾಚೆ ಸ್ವಲ್ಪ ಮನೆಗಳು, ಆಮೇಲೆ ಹುಲ್ಲು, ತಾಳೆಮರ, ನೀರು ನಿಂತ ಗದ್ದೆ. ಪರದೇಶದವರು ಸ್ಟೇಷನ್ನಿಗೆ ಹತ್ತಿರದಲ್ಲೇ ಯಾರೋ ಬಿಟ್ಟುಕೊಟ್ಟಿದ್ದ ಹಳೆಯ ಬಂಗಲೆಯಲ್ಲಿ ಉಳಿದಿದ್ದರು. ದಿನಾ ಒಂಬತ್ತು ಗಂಟೆಗೆ ಎತ್ತಿನಗಾಡಿಯಲ್ಲಿ ಮೂರು ಮೈಲಿ ದೂರದ ಹಳ್ಳಿಗೆ ಹೊರಡುತ್ತಿದ್ದರು.

ಅವರ ಮುಖಂಡರು ಐವತ್ತು ದಾಟಿದ, ತೆಳ್ಳನೆಯ, ಕನ್ನಡಕದ ಮನುಷ್ಯ. ಯಾವಾಗಲೂ ಜೇಬಿನಲ್ಲಿ ಒಂದು ನೋಟ್‌ಬುಕ್ಕು. ಇಬ್ಬರು ಯುವಕರು ಹಳ್ಳಿಯ ರಸ್ತೆಯ ಪಕ್ಕ ಚರಂಡಿ ತೋಡುತ್ತಿದ್ದರು. ಅವರ ಕೆಲಸಕ್ಕೆ ಮಾತು ಬೇಕಿರಲಿಲ್ಲ, ಗುದ್ದಲಿ ಸಾಕಿತ್ತು. ನಾಲ್ಕನೆಯವಳೇ ನಾನು ನೋಡಿಕೊಳ್ಳಬೇಕಾದ ಹುಡುಗಿ. ಹಾಲೆಂಡಿನವಳು, ನನಗಿಂತ ಎರಡು ವರ್ಷ ದೊಡ್ಡವಳು. ಅವಳ ತಂದೆ ಅವರೂರಿನಲ್ಲಿ ಟ್ರಾಮ್ ಓಡಿಸುತ್ತಿದ್ದರಂತೆ. ಇದನ್ನು ಕೇಳಿ ನನಗೆ ಗಲಿಬಿಲಿಯಾಯಿತು.

"ಹಾಗಾದರೆ ನಿನಗೆ ಬೇಸಾಯ ಗೊತ್ತಿಲ್ಲವಾ?" ಅಂದೆ.

"ಇಲ್ಲ. ನಿನಗೆ?"

"ನಾನು ವಡಾಲದವಳು," ಅಂದೆ. ಅದರಿಂದ ಅವಳಿಗೆ ಏನು ಅರ್ಥವಾಯಿತೋ, ತಲೆಯಾಡಿಸಿದಳು. ಅವಳ ಇಂಗ್ಲಿಷೂ ಶಾಲೆಯಲ್ಲಿ ಕಲಿತದ್ದೇ. ರಕಾರವನ್ನು ಗಂಟಲಿನಲ್ಲಿ ಉರುಳಿಸುತ್ತಿದ್ದಳು. ಎಷ್ಟೋ ಸಲ ಒಂದೇ ಮಾತನ್ನು ನಾವಿಬ್ಬರೂ ಮೂರು ಸಲ ಹೇಳಿಕೊಂಡು, ಕೊನೆಗೆ ನಕ್ಕು ಸುಮ್ಮನಾಗುತ್ತಿದ್ದೆವು.

ಹಳ್ಳಿಯಲ್ಲಿ ನಮ್ಮನ್ನು ಒಬ್ಬ ಮುದುಕಿಯ ಮನೆಗೆ ಕರೆದುಕೊಂಡು ಹೋದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಪರೇಲಿನ ಗಿರಣಿಯಲ್ಲಿದ್ದ, ಹಬ್ಬಕ್ಕೆ ಮಾತ್ರ ಬರುತ್ತಿದ್ದ. ಮನೆಯಲ್ಲಿ ಸೊಸೆ, ಸೊಸೆಯ ಕೈಗೂಸು. ಗದ್ದೆಯ ಯಜಮಾನಿಕೆಯೆಲ್ಲ ಮುದುಕಿಯದು. ಜಗಲಿಯಲ್ಲಿ ಕೂತು ಒಣಮೀನು ಆರಿಸುತ್ತಿದ್ದಳು. ಆ ವಾಸನೆಗೆ ಮೂಗು ಮುಚ್ಚಿಕೊಳ್ಳುವುದು ಸರಿಯಲ್ಲವೆಂದು ಉಸಿರು ಬಿಗಿಹಿಡಿದು "ಆಜಿ" ಎಂದು ಕರೆದೆ. ಅವರ ಆಜಿ, ನಮ್ಮ ಅಜ್ಜಿ. ಆ ಒಂದು ಪದದಲ್ಲಿ ತಪ್ಪುವ ಹಾಗಿರಲಿಲ್ಲ. ಮಿಕ್ಕಿದ್ದರಲ್ಲೆಲ್ಲ ತಪ್ಪುವ ಹಾಗಿತ್ತು. ಅವಳ ಮಾತು ನಾನು ಮಾರುಕಟ್ಟೆಯಲ್ಲಿ ಕೇಳಿದ ಮರಾಠಿಯೇ ಅಲ್ಲ. ಪದಗಳ ಬಾಲವೆಲ್ಲ ಬೇರೆ, ಎಳೆಯುವ ರಾಗ ಬೇರೆ. ಉದ್ದಕ್ಕೆ ಏನೋ ಹೇಳಿದಳು. ಕೊನೆಯ ಎರಡು ಮಾತು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು. "ಉದ್ಯಾ ಲಾವಣಿ. ಸಗಳೇ ಯಾ." ನಾಳೆ ಲಾವಣಿ, ಎಲ್ಲರೂ ಬನ್ನಿ.

ನನಗೆ ಎಷ್ಟು ಸಮಾಧಾನವಾಯಿತೆಂದರೆ, ಲಾವಣಿ ಎಂದರೆ ಏನೆಂದು ಯಾರನ್ನೂ ಕೇಳಬೇಕೆನಿಸಲಿಲ್ಲ. ಮೈಸೂರಿನಲ್ಲಿ ದಸರೆಯ ಹೊತ್ತಿಗೆ ತಮಟೆ ಹಿಡಿದು ಲಾವಣಿ ಹೇಳುವವರನ್ನು ಕಂಡಿದ್ದೆ. "ನಾಳೆ ಊರವರು ಹಾಡು ಹೇಳುತ್ತಾರಂತೆ, ನಮಗೂ ಆಹ್ವಾನವಿದೆ," ಎಂದು ಇಂಗ್ಲಿಷಿನಲ್ಲಿ ತಿಳಿಸಿದೆ. ಮುಖಂಡರ ಮುಖ ಅರಳಿತು. ನೋಟ್‌ಬುಕ್ಕು ತೆಗೆದು ಏನೋ ಬರೆದುಕೊಂಡರು.

ಮರುದಿನ ನಾನು ಗಂಜಿ ಹಾಕಿದ ವಾಯಿಲ್ ಸೀರೆ ಉಟ್ಟು, ಮಾಟುಂಗದಲ್ಲಿ ಕೊಂಡ ಮೊಗ್ಗಿನ ದಂಡೆ ಮುಡಿದುಕೊಂಡು ಹೋದೆ. ಹಾಲೆಂಡಿನ ಹುಡುಗಿ ಬಿಳಿ ಫ್ರಾಕು ಹಾಕಿದ್ದಳು. ಅವಳ ಕೈಯಲ್ಲಿ ಒಂದು ಮೌತ್ ಆರ್ಗನ್. ಮುಖಂಡರು ಟೈ ಕಟ್ಟಿದ್ದರು. ಮಳೆ ಹನಿಯುತ್ತಿತ್ತು. ಗಾಡಿ ಗದ್ದೆಯ ಬದಿಗೆ ನಿಂತಾಗ ಮೂವತ್ತು ಮೂವತ್ತೈದು ಹೆಂಗಸರು ಮೊಣಕಾಲುದ್ದದ ಕೆಸರಿನಲ್ಲಿ ಬೆನ್ನು ಬಗ್ಗಿಸಿ ನಿಂತಿದ್ದರು. ಬೆನ್ನ ಮೇಲೆ ಬಿದಿರು, ಎಲೆ ಸೇರಿಸಿ ಹೆಣೆದ ಮಳೆಗೊಪ್ಪೆ. ಎಡಗೈಯಲ್ಲಿ ಹಸಿರು ಸಸಿಯ ಕಟ್ಟು, ಬಲಗೈ ಕೆಸರಿನೊಳಗೆ ಹೋಗಿ ಬರುತ್ತಿತ್ತು. ಆಗ ನನಗೆ ಹೊಳೆಯಿತು. ಅವರ ಮಾತಿನಲ್ಲಿ ಲಾವಣಿ ಅಂದರೆ ನಾಟಿ. ಸಸಿಮಡಿಯಿಂದ ಕಿತ್ತ ಪೈರನ್ನು ಗದ್ದೆಯಲ್ಲಿ ನೆಡುವುದು.

ಮುದುಕಿ ಸೊಂಟ ಸೆಟೆಸಿ ನಮ್ಮನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನನ್ನ ಹೂವು ನೋಡಿದಳು. ಬಿಳಿ ಫ್ರಾಕು ನೋಡಿದಳು. ಮೌತ್ ಆರ್ಗನ್ ನೋಡಿದಳು. ನಾನು ತೊದಲುತ್ತಾ, ನಾವು ಹಾಡು ಅಂದುಕೊಂಡಿದ್ದೆವು ಎಂದೆ. ಅವಳು ನಗಲಾರಂಭಿಸಿ, ನಕ್ಕು ನಕ್ಕು, ನಿಲ್ಲಲಾರದೆ ಬದುವಿನ ಮೇಲೆ ಕೂತುಬಿಟ್ಟಳು. ಸುದ್ದಿ ಒಬ್ಬರಿಂದ ಒಬ್ಬರಿಗೆ ದಾಟಿ ಗದ್ದೆಯ ಆ ತುದಿಯವರೆಗೂ ಹೋಯಿತು, ನಗುವೂ ಜೊತೆಗೇ ಹೋಯಿತು. ಮುಖಂಡರು ನನ್ನ ಕಡೆ ತಿರುಗಿದರು. "ಆ ಪದಕ್ಕೆ ಎರಡು ಅರ್ಥವಿದೆ," ಅಂದೆ, ಮೊದಲೇ ಗೊತ್ತಿದ್ದವಳ ಹಾಗೆ. ಹಾಲೆಂಡಿನ ಹುಡುಗಿ ಮಾತ್ರ ಬೂಟು ಬಿಚ್ಚಿ, ಫ್ರಾಕನ್ನು ಎತ್ತಿ ಗಂಟು ಹಾಕಿಕೊಂಡು ಕೆಸರಿಗಿಳಿದಳು. ಅವಳು ಇಳಿದ ಮೇಲೆ ನಾನೊಬ್ಬಳೇ ಬದುವಿನ ಮೇಲೆ ನಿಲ್ಲುವಂತಿರಲಿಲ್ಲ.

ಕೆಸರು ಅಷ್ಟು ಬೆಚ್ಚಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಾಲಿಟ್ಟರೆ ಒಳಗೆಳೆದುಕೊಳ್ಳುತ್ತದೆ, ಎತ್ತಿದರೆ ಬಿಡುವುದಿಲ್ಲ. ಮುದುಕಿ ಮೂರು ಸಸಿ ಹಿಡಿದು ಹೆಬ್ಬೆರಳಿನಿಂದ ಒತ್ತಿ ತೋರಿಸಿದಳು. ಒತ್ತಿದ್ದು ಕಣ್ಣಿಗೆ ಕಾಣಲೇ ಇಲ್ಲ, ಅಷ್ಟು ಬೇಗ. ನಾನು ನೆಟ್ಟದ್ದು ತೇಲಿತು. ಹುಡುಗಿ ನೆಟ್ಟದ್ದು ಮುಳುಗಿತು. "ಛಾನ್, ಛಾನ್," ಅಂದಳು ಮುದುಕಿ. ಈ ಪದ ನನಗೆ ಗೊತ್ತಿತ್ತು. "ಚೆನ್ನಾಗಿದೆಯಂತೆ," ಎಂದು ಹುಡುಗಿಗೆ ಹೇಳಿದೆ.

ಎರಡನೆಯ ದಿನವೋ ಮೂರನೆಯ ದಿನವೋ ಮುದುಕಿ ನನ್ನನ್ನು ಪಕ್ಕಕ್ಕೆ ಕರೆದು, "ಪೋರಿ, ಈ ಮಡ್ಡಮ್ ಜಪಾನಿನವಳಾ?" ಎಂದು ಕೇಳಿದಳು. ಪೋರಿ ಅಂದರೆ ಹುಡುಗಿ, ಅದು ನಾನು. ಮಡ್ಡಮ್ ಅಂದರೆ ಹಾಲೆಂಡಿನವಳು. ಜಪಾನ್ ಎಲ್ಲಿಂದ ಬಂತು ಎಂದು ತಿಳಿಯಲು ನನಗೆ ಅರ್ಧ ದಿನ ಹಿಡಿಯಿತು. ಹಿಂದಿನ ವರ್ಷ ಸರ್ಕಾರದ ಅಧಿಕಾರಿಯೊಬ್ಬರು ಗಂಟು ಹಾಕಿದ ಹಗ್ಗ ತಂದು, ಜಪಾನಿ ಪದ್ಧತಿಯಲ್ಲಿ ಸಾಲು ಹಿಡಿದು ನೆಡಬೇಕೆಂದು ಹೇಳಿ ಹೋಗಿದ್ದರಂತೆ. ಈಗ ಬಂದವಳು ಅದನ್ನು ಕಲಿಸಲು ಬಂದವಳಿರಬೇಕೆಂದು ಊರವರ ಲೆಕ್ಕಾಚಾರ. "ಅಲ್ಲ ಆಜಿ, ಹಾಲೆಂಡ್," ಅಂದೆ. ಅವಳು ತಲೆಯಾಡಿಸಿ ಹೋದಳು. ಮರುದಿನ ಇನ್ನೊಬ್ಬಳು ಬಂದು, ಹಾಗಾದರೆ ಜಪಾನಿನವರು ಈಗ ಸೊಟ್ಟ ಸಾಲು ಮಾಡಲು ಹೇಳುತ್ತಾರೆಯೇ ಎಂದು ಗಂಭೀರವಾಗಿ ಕೇಳಿದಳು.

ಮನೆಯಲ್ಲಿ ಅಮ್ಮ ದಿನಾ ಸಂಜೆ ನನ್ನ ಕಾಲಿಗೆ ಬಿಸಿನೀರು ಹಾಕುತ್ತಾ ಗೊಣಗುತ್ತಿದ್ದಳು. ಬೆಂಗಳೂರಿನವರು ಹೆಣ್ಣು ನೋಡಲು ಬಂದರೆ ಉಗುರಿನ ಸಂದಿಯ ಕೆಸರನ್ನು ಏನೆಂದು ಹೇಳಲಿ ಎಂಬುದು ಅವಳ ಚಿಂತೆ. ನನಗೆ ಮಾತ್ರ ಒಂದು ಬಗೆಯ ಹೆಮ್ಮೆ ಹುಟ್ಟಿಕೊಂಡಿತ್ತು. ಲೋಕಲ್‌ನಲ್ಲಿ ಬರುವಾಗ ಕಿಟಕಿಯಾಚೆ ಗದ್ದೆ ಕಂಡರೆ, ಇದರಂಥದ್ದನ್ನು ನಾನೂ ನೆಟ್ಟಿದ್ದೇನೆ ಎಂದು ಪಕ್ಕದವರಿಗೆ ಹೇಳಬೇಕೆನಿಸುತ್ತಿತ್ತು.

ಒಂಬತ್ತನೆಯ ದಿನವಿರಬೇಕು. ಅದರ ಹಿಂದಿನ ದಿನ ಹಳಿಯ ಮೇಲೆ ನೀರು ನಿಂತು ನಾನು ತಡವಾಗಿದ್ದೆ, ಮುಖಂಡರು ಗಡಿಯಾರ ನೋಡಿಕೊಂಡಿದ್ದರು. ಆದ್ದರಿಂದ ಆ ದಿನ ಬೆಳಕು ಹರಿಯುವಾಗಲೇ ಹೊರಟುಬಿಟ್ಟೆ. ಬೊರಿವಲಿಯಲ್ಲಿ ಇಳಿದಾಗ ಬಂಗಲೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಪೇಟೆಯಲ್ಲಿ ತರಕಾರಿ ಇಳಿಸಿ ಖಾಲಿ ಹೋಗುತ್ತಿದ್ದ ಗಾಡಿಯೊಂದು ಸಿಕ್ಕಿತು. ಅದರಲ್ಲೇ ಹಳ್ಳಿಗೆ ಹೋದೆ.

ಹಿಂದಿನ ದಿನ ನಾವು ನೆಟ್ಟಿದ್ದ ಮಡಿಯಲ್ಲಿ ಆರೇಳು ಹೆಂಗಸರಿದ್ದರು. ಮುದುಕಿಯೂ ಇದ್ದಳು. ನಾವು ನೆಟ್ಟಿದ್ದನ್ನೆಲ್ಲ ಕಿತ್ತು, ಬೇರು ತೊಳೆದು, ಮತ್ತೆ ನೆಡುತ್ತಿದ್ದರು. ಕೀಳುವುದೂ ನೆಡುವುದೂ ಒಂದೇ ಕೈಯಲ್ಲಿ ನಡೆಯುತ್ತಿತ್ತು. ಕಳ್ಳತನ ಮಾಡುವವರ ಅವಸರವೇನೂ ಇರಲಿಲ್ಲ. ಮನೆಯ ಕಸ ಗುಡಿಸುವ ಹಾಗೆ, ದಿನದ ಕೆಲಸದ ಹಾಗೆ ಮಾಡುತ್ತಿದ್ದರು. ನಾನು ಬದುವಿನ ಮೇಲೆ ನಿಂತೇ ಇದ್ದೆ. ಮೊದಲು ಏನು ಕಾಣುತ್ತಿದ್ದೇನೆಂದೇ ತಿಳಿಯಲಿಲ್ಲ. ಬೇರೆ ಯಾರದೋ ಗದ್ದೆ ಇರಬಹುದು, ನಾನು ದಾರಿ ತಪ್ಪಿರಬಹುದು ಅಂದುಕೊಂಡೆ.

ಮುದುಕಿ ನನ್ನನ್ನು ಕಂಡಳು. ನಾಚಿಕೆಯಾಗಲಿ ಭಯವಾಗಲಿ ಅವಳ ಮುಖದಲ್ಲಿ ಇರಲಿಲ್ಲ. ಹತ್ತಿರ ಬಂದು, ನನಗೆ ಅರ್ಥವಾಗಲೆಂದು ನಿಧಾನವಾಗಿ, ಕಿವುಡರಿಗೆ ಹೇಳುವಂತೆ ಹೇಳಿದಳು. ಆಳವಾಗಿ ಒತ್ತಿದರೆ ಬೇರು ಮಡಿಚಿಕೊಳ್ಳುತ್ತದೆ. ಮೇಲೆ ಬಿಟ್ಟರೆ ತೇಲುತ್ತದೆ. ಎರಡೂ ಸಾಯುತ್ತವೆ.

"ದಿನಾ ಹೀಗೇನಾ?"

"ದಿನಾ."

"ಮೊದಲ ದಿನದಿಂದ?"

"ಮತ್ತೆ? ವರ್ಷದ ಅನ್ನ."

"ನಾನು ನೆಟ್ಟದ್ದೂ ತೆಗೆದಿರಾ, ಆಜಿ?"

"ನಿನ್ನದು ಮೊದಲು," ಅಂದಳು.

ಅವರಿಗೇ ಯಾಕೆ ಹೇಳಲಿಲ್ಲ ಎಂದು ಕೇಳಲು ನನ್ನ ಮರಾಠಿ ತಡಕಾಡಿತು. ಅವಳು ಅರ್ಥ ಮಾಡಿಕೊಂಡಳು. "ಪಾಹುಣೆ," ಅಂದಳು. ಅತಿಥಿಗಳು. ಹಡಗು ಹತ್ತಿ ಬಂದಿದ್ದಾರೆ, ಕೆಲಸ ಕೊಡಿ ಕೊಡಿ ಎನ್ನುತ್ತಾರೆ, ಮನೆಗೆ ಬಂದವರಿಗೆ ಇಲ್ಲವೆನ್ನುವುದು ಹೇಗೆ? ಆಮೇಲೆ ನನ್ನ ಗಲ್ಲ ಹಿಡಿದು, ಕೆಸರಿನ ಕೈಯಲ್ಲೇ, "ಮಡ್ಡಮ್‌ಗೆ ಹೇಳಬೇಡ," ಅಂದಳು.

ಹತ್ತು ಗಂಟೆ ದಾಟಿದ ಮೇಲೆ ಗಾಡಿ ಬಂತು. ಹಾಲೆಂಡಿನ ಹುಡುಗಿ ಇಳಿದವಳೇ ಗದ್ದೆಯನ್ನು ನೋಡಿ, "ನೋಡು, ನಮ್ಮದು ಒಂದು ರಾತ್ರಿಯಲ್ಲಿ ನೆಟ್ಟಗಾಗಿದೆ!" ಎಂದಳು. ನಾನು ನನ್ನ ಗಲ್ಲದ ಕೆಸರು ಒರೆಸಿಕೊಂಡೆ.

ಆ ಸಂಜೆ ಅಪ್ಪ ಅಮ್ಮನ ಮುಂದೆ ಎಲ್ಲವನ್ನೂ ಹೇಳಿದೆ. ಅಪ್ಪ, "ದುಭಾಷಿ ಅಂದ್ರೆ ಒಬ್ಬರು ಹೇಳಿದ್ದನ್ನ ಇನ್ನೊಬ್ಬರಿಗೆ ಹೇಳೋದು. ಆ ಅಜ್ಜಿ ಹೇಳಿದ್ದನ್ನ ನೀನು ಹೇಳಲೇಬೇಕು," ಅಂದರು.

"ಹೇಳಬೇಡ ಅಂತಲೂ ಅವಳೇ ಹೇಳಿದಾಳಲ್ಲ," ಅಂದೆ.

"ಹಾಗಾದ್ರೆ ಅದನ್ನೂ ಹೇಳು."

"ಹೇಳಬೇಡ ಅಂದಳು ಅಂತ ಹೇಳಲಾ?"

ಅಪ್ಪ ಕನ್ನಡಕ ತೆಗೆದು ಒರೆಸಿದರು. ಅಮ್ಮ ಮೊದಲ ಸಲ ಹಳ್ಳಿಯ ಮುದುಕಿಯ ಪರ ವಹಿಸಿದಳು. "ಪಾಪ, ಎಷ್ಟು ಮರ್ಯಾದಸ್ತೆ! ನಮ್ಮ ಮನೆಗೆ ಬಂದೋರು ಅಡುಗೆ ಮಾಡ್ತೀನಿ ಅಂತ ಉಪ್ಪು ಹೆಚ್ಚು ಹಾಕಿದ್ರೆ ನಾನು ಎದುರಿಗೆ ಚೆಲ್ತೀನಾ?" ಅಂದಳು. ಮರುದಿನ ಬೆಳಿಗ್ಗೆ ಅಪ್ಪ ಟ್ರಾಮ್ ಸ್ಟಾಪಿನವರೆಗೂ ಬಂದು, ರಾತ್ರಿಯೆಲ್ಲ ಯೋಚಿಸಿದೆ, ಹೇಳದಿರುವುದೇ ಒಳ್ಳೆಯದು ಎಂದರು. ಅಮ್ಮ ಅಷ್ಟು ಹೊತ್ತಿಗೆ ಹೇಳುವುದೇ ಒಳ್ಳೆಯದು ಎನ್ನಲು ಆರಂಭಿಸಿದ್ದಳು.

ಐದು ದಿನ ನಾನು ಬಾಯಿ ಬಿಡಲಿಲ್ಲ. ಹುಡುಗಿ ಕೆಸರಿನಲ್ಲಿ ಬಗ್ಗಿ ನೆಡುವುದನ್ನು ನೋಡಿದಾಗಲೆಲ್ಲ, ಇವಳ ಬೆನ್ನುನೋವು ಯಾರಿಗಾಗಿ ಎನ್ನಿಸುತ್ತಿತ್ತು. ಮುದುಕಿಯನ್ನು ನೋಡಿದರೆ ಬೇರೆ ಸಂಕಟ. ನಮ್ಮನ್ನು ಸಂತೋಷಪಡಿಸಲು ಇವರು ಬೆಳಿಗ್ಗೆ ಎರಡು ಗಂಟೆ ಹೊತ್ತು ಹೆಚ್ಚು ದುಡಿಯುತ್ತಿದ್ದಾರೆ, ಸಹಾಯ ಮಾಡುತ್ತಿರುವವರು ಯಾರು, ಮಾಡಿಸಿಕೊಳ್ಳುತ್ತಿರುವವರು ಯಾರು? ಒಮ್ಮೆ ಹುಡುಗಿ, "ನಮ್ಮ ಕೆಲಸ ಸರಿಯಾಗಿದೆಯೇ ಎಂದು ಅಜ್ಜಿಯನ್ನು ಕೇಳು," ಅಂದಳು. ಕೇಳಿದೆ. ಮುದುಕಿ ನನ್ನ ಮುಖ ನೋಡುತ್ತಾ ಮೂರು ನಿಮಿಷ ಮಾತಾಡಿದಳು. ಅದರಲ್ಲಿ ಬೈಗುಳ ಎಷ್ಟು, ಬೇಡಿಕೆ ಎಷ್ಟು ಎಂದು ನನಗೆ ಗೊತ್ತಾಗಲಿಲ್ಲ. "ಸರಿಯಾಗಿದೆಯಂತೆ," ಅಂದೆ.

"ಅಷ್ಟು ಉದ್ದ ಹೇಳಿದಳು, ನೀನು ಇಷ್ಟೇ ಹೇಳಿದೆಯಲ್ಲ?"

"ಅವರ ಭಾಷೆ ಹಾಗೆ," ಅಂದೆ.

ಹದಿನಾಲ್ಕನೆಯ ದಿನ ಹುಡುಗಿಯ ಕಾಲ್ಬೆರಳ ಸಂದಿಗಳು ಕೊಳೆತು ಹುಣ್ಣಾಗಿದ್ದವು. ಮುದುಕಿಯ ಸೊಸೆ ಅರಿಶಿನ ಕಲಸಿದ ಎಣ್ಣೆ ತಂದು ಹಚ್ಚಿ ಹೋದಳು. ಆ ಸೊಸೆ ಅಲ್ಲಿಯವರೆಗೆ ನನ್ನೆದುರು ಒಂದು ಮಾತೂ ಆಡಿರಲಿಲ್ಲ. ಹುಡುಗಿ ಜಗಲಿಯಲ್ಲಿ ಕಾಲು ಚಾಚಿ ಕೂತು, ತಾನು ಯಾಕೆ ಬಂದೆ ಎಂಬುದನ್ನು ಮೊದಲ ಸಲ ಹೇಳಿದಳು. ಯುದ್ಧ ಮುಗಿದ ಮೇಲೆ ಅವರೂರಿನ ಮಕ್ಕಳು ಕಡ್ಡಿಯಂತಾಗಿದ್ದರಂತೆ. ಅವಳನ್ನು ಇನ್ನೊಂದು ದೇಶದ ರೈತರ ಮನೆಗೆ ಆರು ತಿಂಗಳು ಕಳಿಸಿದ್ದರಂತೆ. ಅವರ ಭಾಷೆ ಅವಳಿಗೆ ಬರುತ್ತಿರಲಿಲ್ಲ. ಹಾಲು ಕೊಟ್ಟರು, ಬೆಣ್ಣೆ ಕೊಟ್ಟರು, ತಮ್ಮ ಮಗಳ ಕೋಟು ಕೊಟ್ಟರು. ಹೊರಡುವಾಗ ಏನು ಹೇಳಬೇಕೆಂದು ತಿಳಿಯದೆ ಸುಮ್ಮನೆ ಬಂದುಬಿಟ್ಟಳಂತೆ.

"ಈಗ ಈ ದೇಶದಲ್ಲಿ ಒಂದು ಗದ್ದೆಯಾದರೂ ನನ್ನ ಕೈಯಿಂದ ನಿಂತಿದೆ," ಅಂದಳು. "ನಾಳೆ ಅದರ ಪಕ್ಕ ನಿಲ್ಲಿಸಿ ನನ್ನದೊಂದು ಫೋಟೋ ತೆಗಿ. ಆ ರೈತರ ಮನೆಯವರಿಗೆ ಕಳಿಸುತ್ತೇನೆ."

ಹೇಳುವುದೆಂದು ನಾನು ತೀರ್ಮಾನ ಮಾಡಲಿಲ್ಲ. ಬಾಯಿಗೆ ಬಂದುಬಿಟ್ಟಿತು. "ನೀನು ನೆಟ್ಟದ್ದನ್ನು ಬೆಳಿಗ್ಗೆ ಕೀಳುತ್ತಾರೆ," ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಇಲಿಗಳೇ ಎಂದು ಕೇಳಿದಳು. ಇಲ್ಲವೆಂದೆ. ಯಾರೋ ವೈರಿಗಳೇ ಎಂದಳು. ಎದ್ದು ನಿಂತು ಕೈಯಲ್ಲಿ ಕೀಳುವುದನ್ನೂ ನೆಡುವುದನ್ನೂ ಅಭಿನಯಿಸಿ ತೋರಿಸಿದೆ. ಅವಳ ಕತ್ತು ಕೆಂಪಾಯಿತು, ಆಮೇಲೆ ಮುಖ.

"ಎಲ್ಲವನ್ನೂ?"

"ಎಲ್ಲವನ್ನೂ. ನನ್ನದನ್ನೂ."

"ನಿನಗೆ ಯಾವಾಗಿನಿಂದ ಗೊತ್ತು?"

ಆ ಪ್ರಶ್ನೆಗೆ ಉತ್ತರಿಸುವಾಗ ನಾನು ಅವಳ ಕಾಲಿನ ಹುಣ್ಣನ್ನು ನೋಡುತ್ತಿದ್ದೆ. ಅವಳು ಅಳುತ್ತಾಳೆಂದುಕೊಂಡೆ, ಬೈಯುತ್ತಾಳೆಂದುಕೊಂಡೆ. ಎರಡನ್ನೂ ಮಾಡಲಿಲ್ಲ. ಎಣ್ಣೆ ಮೆತ್ತಿದ ಕಾಲಿನಲ್ಲೇ ಕುಂಟುತ್ತಾ ಒಳಗೆ ಮುದುಕಿಯ ಬಳಿ ಹೋದಳು. ನಾನೂ ಹಿಂದೆ ಹೋದೆ. ಮುದುಕಿಗೆ ನಮ್ಮ ಮುಖ ನೋಡಿದೊಡನೆ ತಿಳಿಯಿತು. "ಪೋರಿ, ನಿನ್ನ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲವಾ?" ಎಂದು ಸಿಡುಕಿದಳು. ಇದು ಮಾತ್ರ ನನಗೆ ಪೂರ್ತಿ ಅರ್ಥವಾಯಿತು.

"ಕ್ಷಮಿಸಿ ಎಂದು ಹೇಳು," ಅಂದಳು ಹುಡುಗಿ. ಹೇಳಿದೆ. ಮುದುಕಿ ಗಾಬರಿಯಾಗಿ, ಇಲ್ಲ ಇಲ್ಲ, ಕ್ಷಮೆ ನಾವು ಕೇಳಬೇಕು ಎಂದಳು. ಅದನ್ನೂ ಹೇಳಿದೆ. ಹೀಗೆ ಇಬ್ಬರ ಕ್ಷಮೆಯನ್ನೂ ನಾನು ಎರಡು ಮೂರು ಸಲ ಆಚೆಗೂ ಈಚೆಗೂ ಸಾಗಿಸಿದ ಮೇಲೆ ಹುಡುಗಿ, "ಅವರಿಗೆ ನಿಜವಾಗಿ ಏನು ಬೇಕು ಎಂದು ಕೇಳು," ಅಂದಳು.

ಕೇಳಿದೆ. ಬಂದವರೆಲ್ಲ ಇದನ್ನು ಮಾಡಿ, ಅದನ್ನು ಮಾಡಿ ಎಂದು ಹೇಳಿ ಹೋದವರೇ. ಏನು ಬೇಕು ಎಂಬ ಪ್ರಶ್ನೆ ಮುದುಕಿಯನ್ನು ಕಂಗೆಡಿಸಿದಂತೆ ಕಂಡಿತು. "ಠಾವುಕ ನಾಯ್," ಅಂದಳು. ಗೊತ್ತಿಲ್ಲ. ಆಗ ಒಳಬಾಗಿಲಿನ ಮರೆಯಿಂದ ಸೊಸೆಯ ದನಿ ಕೇಳಿತು. "ಪೋರಾಂನಾ ಸಾಂಭಾಳಾ." ಮಕ್ಕಳನ್ನು ನೋಡಿಕೊಳ್ಳಿ.

ನಾಟಿಯ ಹೊತ್ತಿನಲ್ಲಿ ಹೆಂಗಸರೆಲ್ಲ ಗದ್ದೆಯಲ್ಲಿರುತ್ತಾರೆ. ಕೈಗೂಸುಗಳನ್ನು ಬುಟ್ಟಿಯಲ್ಲಿ ಮಲಗಿಸಿ ಬದುವಿನ ಮೇಲೆ ಇಡುತ್ತಾರೆ. ಮಳೆ ಜೋರಾದರೆ ಓಡಿ ಬರಬೇಕು, ಅತ್ತರೆ ಬರಬೇಕು, ನಡೆಯಲು ಕಲಿತ ಮಗು ನೀರಿನ ಕಡೆ ಹೊರಟರೆ ಬರಬೇಕು. ಹದಿನಾಲ್ಕು ದಿನ ಆ ಬುಟ್ಟಿಗಳ ಪಕ್ಕದಲ್ಲೇ ನಡೆದು ಗದ್ದೆಗೆ ಇಳಿದಿದ್ದೆವು. ಒಂದು ಸಲವೂ ನಮಗೆ ಹೊಳೆದಿರಲಿಲ್ಲ.

ಮರುದಿನದಿಂದ ಮುದುಕಿಯ ದನದ ಕೊಟ್ಟಿಗೆಯ ಒಂದು ಬದಿಯಲ್ಲಿ ಗೋಣಿ ಹಾಸಿ ಒಂಬತ್ತು ಮಕ್ಕಳನ್ನು ಕೂಡಿಹಾಕಿಕೊಂಡೆವು. ಅದೂ ನಮಗೆ ಗೊತ್ತಿದ್ದ ಕೆಲಸವಲ್ಲ. ಯಾವ ಮಗು ಹಸಿದು ಅಳುತ್ತದೆ, ಯಾವುದು ನಿದ್ದೆಗೆ ಎಂದು ತಿಳಿಯದೆ ಮೊದಲ ದಿನ ಇಬ್ಬರೂ ಅಳುವ ಹಾಗಾಗಿತ್ತು. ಹುಡುಗಿ ತನ್ನ ಭಾಷೆಯಲ್ಲಿ ಮುದ್ದು ಮಾಡಿದಳು, ನಾನು ಕನ್ನಡದಲ್ಲಿ ಗದರಿಸಿದೆ. ಮಕ್ಕಳಿಗೆ ಎರಡೂ ಒಂದೇ ಆಗಿತ್ತು. ಮೌತ್ ಆರ್ಗನ್ ಊದಿದರೆ ಎಲ್ಲವೂ ಒಟ್ಟಿಗೆ ಸುಮ್ಮನಾಗುತ್ತಿದ್ದವು, ನಿಲ್ಲಿಸಿದರೆ ಒಟ್ಟಿಗೆ ಅಳುತ್ತಿದ್ದವು. ಹುಡುಗಿಯ ತುಟಿ ಊದಿಕೊಂಡಿತು. ಮಧ್ಯಾಹ್ನ ತಾಯಂದಿರು ಹಾಲೂಡಿಸಲು ಬಂದಾಗ ಒಬ್ಬೊಬ್ಬಳೂ ತನ್ನ ಮಗು ಒದ್ದೆಯಾಗಿಲ್ಲವೇ ಎಂದು ಮುಟ್ಟಿ ನೋಡುತ್ತಿದ್ದಳು. ಆಗ ಅವರು "ಛಾನ್" ಎನ್ನಲಿಲ್ಲ. ಮಗುವನ್ನು ನಮ್ಮ ತೊಡೆಯ ಮೇಲೆ ಹಾಕಿ ಗದ್ದೆಗೆ ಹೋಗುತ್ತಿದ್ದರು.

ಮುಖಂಡರಿಗೆ ಇದು ಹಿಡಿಸಲಿಲ್ಲ. ಒಂದು ದಿನ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಸಮುದ್ರ ದಾಟಿ ಬಂದದ್ದು ಮಕ್ಕಳನ್ನು ಆಡಿಸಲಿಕ್ಕೋ ಎಂದು ಮೆಲ್ಲಗೆ ಕೇಳಿದರು. ಹುಡುಗಿ ತೊಡೆಯ ಮೇಲಿನ ಮಗುವನ್ನು ತಟ್ಟುತ್ತಾ, "ಕಾಲು ಹುಣ್ಣಾಗಿದೆ," ಅಂದಳಷ್ಟೆ. ಕಿತ್ತು ನೆಟ್ಟ ವಿಷಯವನ್ನು ಅವರಿಗೆ ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ಕೊನೆಯ ವಾರ ಅವರ ವರದಿಯನ್ನು ನಾನೇ ಟೈಪ್ ಮಾಡಿದೆ. "ಸ್ವಯಂಸೇವಕರು ಹಳ್ಳಿಯ ಹೆಂಗಸರೊಡನೆ ಸೇರಿ ಗದ್ದೆಗಳನ್ನು ನಾಟಿ ಮಾಡಿದರು" ಎಂಬ ವಾಕ್ಯ ಬಂದಾಗ ನನ್ನ ಬೆರಳು ನಿಂತಿತು. ಸುಳ್ಳೆನ್ನಲೂ ಆಗಲಿಲ್ಲ. ಆ ಗದ್ದೆಗಳು ಎರಡು ಸಲ ನಾಟಿಯಾಗಿದ್ದವು, ಒಂದು ಸಲ ನಾವು ಮಾಡಿದ್ದೆವು. ಟೈಪ್ ಮಾಡಿ ಕೊಟ್ಟೆ.

ಅವರು ಹೊರಡುವ ದಿನ ಹುಡುಗಿ ಮುದುಕಿಯ ಮನೆಗೆ ಬಂದಳು. ಮುದುಕಿ ನನ್ನ ಕೈ ಹಿಡಿದು, "ನಾವು ಅವಳಿಗೆ ಮೋಸ ಮಾಡಿದೆವು ಅಂತ ಅವಳ ಮನಸ್ಸಿನಲ್ಲಿ ಇದೆಯಾ, ಕೇಳು," ಅಂದಳು. ಕೇಳಿದೆ. ಹುಡುಗಿ ಉತ್ತರವನ್ನು ಇಂಗ್ಲಿಷಿನಲ್ಲೇ ಶುರುಮಾಡಿದಳು. ನಡುವೆ ತನಗೇ ತಿಳಿಯದಂತೆ ತನ್ನ ಭಾಷೆಗೆ ಜಾರಿದಳು. ಬಹಳ ಹೊತ್ತು ಮಾತಾಡಿದಳು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಮುದುಕಿ ಅವಳ ಬಾಯನ್ನೇ ನೋಡುತ್ತಿದ್ದು, ಆಮೇಲೆ ನನ್ನ ಕಡೆ ತಿರುಗಿದಳು. ಏನು ಹೇಳಬೇಕಿತ್ತು ನಾನು? "ಇಲ್ಲವಂತೆ, ಆಜಿ," ಅಂದೆ. ಮುದುಕಿಯ ಮುಖ ನೋಡಿದರೆ ನಂಬಿದಳೆಂದೂ ಅನ್ನಿಸಿತು, ನಂಬಲಿಲ್ಲವೆಂದೂ ಅನ್ನಿಸಿತು.

ಹುಡುಗಿಯಿಂದ ಎರಡು ಕಾಗದ ಬಂದವು. ಎರಡನೆಯದರಲ್ಲಿ ಮಕ್ಕಳ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೇನೆ ಎಂದು ಬರೆದಿದ್ದಳು. ಬೆಂಗಳೂರಿನವರು ಹೆಣ್ಣು ನೋಡಿ ಹೋದವರು ಏನೂ ತಿಳಿಸಲಿಲ್ಲ. ನನಗೆ ಚೆಂಬೂರಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು.

ದೀಪಾವಳಿಯ ರಜೆಯಲ್ಲಿ ಒಬ್ಬಳೇ ಆ ಹಳ್ಳಿಗೆ ಹೋದೆ. ಕೊಯ್ಲು ಮುಗಿದು ಗದ್ದೆಯಲ್ಲಿ ಬರಿಯ ಕೂಳೆ ನಿಂತಿತ್ತು. ಯಾವುದು ನಾವು ಇಳಿದಿದ್ದ ಮಡಿ ಎಂದು ಗುರುತು ಹಿಡಿಯಲಾಗಲಿಲ್ಲ. ಮುದುಕಿ ಮನೆಯಲ್ಲಿರಲಿಲ್ಲ, ಮಗನನ್ನು ನೋಡಲು ಪರೇಲಿಗೆ ಹೋಗಿದ್ದಳು. ಸೊಸೆಯೊಬ್ಬಳೇ ಭತ್ತ ತೂರುತ್ತಿದ್ದಳು. ಅತ್ತೆಯಿಲ್ಲದ್ದರಿಂದಲೋ ಏನೋ, ಅವಳು ಅಂದು ಧಾರಾಳವಾಗಿ ಮಾತಾಡಿದಳು. ಬೆಳೆ ಚೆನ್ನಾಗಿ ಬಂತು ಅಂದಳು. ಮಡ್ಡಮ್ ಹೇಗಿದ್ದಾಳೆಂದು ಕೇಳಿದಳು. ಆಮೇಲೆ ಮೊರ ಕೆಳಗಿಟ್ಟು, ಬಹಳ ದಿನದಿಂದ ಕೇಳಬೇಕೆಂದಿದ್ದವಳ ಹಾಗೆ, "ತಾಯಿ, ನೀವು ಯಾವ ದೇಶದವರು?" ಅಂದಳು.

"ನಾನಾ? ನಾನು ಇಲ್ಲಿಯವಳೇ. ವಡಾಲ."

ಅವಳು ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದಳು. ಹೆಂಗಸರೆಲ್ಲ ಮೊದಲಿನಿಂದಲೂ ಮಾತಾಡಿಕೊಳ್ಳುತ್ತಿದ್ದರಂತೆ, ಪರದೇಶದಿಂದ ಐದು ಜನ ಬಂದಿದ್ದಾರೆ, ಒಬ್ಬಳು ಮಾತ್ರ ಸೀರೆ ಉಡುತ್ತಾಳೆ ಎಂದು. ಮಡ್ಡಮ್ ಕೈಸನ್ನೆ ಮಾಡಿದರೆ ತಮಗೆ ತಿಳಿಯುತ್ತಿತ್ತು, ನಾನು ಮಾತಾಡಿದರೆ ತಿಳಿಯುತ್ತಿರಲಿಲ್ಲವಂತೆ.

ಆ ಚಳಿಗಾಲದಲ್ಲಿ ದಾದರಿನ ಒಂದು ಶಾಲೆಯಲ್ಲಿ ಸಂಜೆಯ ಮರಾಠಿ ತರಗತಿಗೆ ಸೇರಿದೆ. ಆರು ತಿಂಗಳು ತಪ್ಪದೆ ಹೋದೆ, ಪರೀಕ್ಷೆಯಲ್ಲಿ ಪಾಸೂ ಆದೆ. ಮೇಷ್ಟರು ಕಲಿಸಿದ ಮರಾಠಿ ಬಹಳ ಚೆನ್ನಾಗಿತ್ತು. ಅದರಲ್ಲಿ ಆ ಮುದುಕಿ ಆಡುತ್ತಿದ್ದ ಮಾತುಗಳು ಮಾತ್ರ ಒಂದೂ ಬರಲಿಲ್ಲ.